ದುದೆಕನ ಟಪಾಲು

ಪೋಲೆಂಡಿನ ಯಾವೊರ್ನಾ ಎಂಬ ಊರಿನಲ್ಲಿ ಬರಬೇಕಾದದ್ದು ಬರದೆ ಹೋದರೆ ಜನ "ದುದೆಕನ ಟಪಾಲಿಗೆ ಹಾಕಿದ್ರೇನೋ" ಎನ್ನುತ್ತಾರೆ. ಪಿಂಚಣಿ ತಡವಾದರೂ ಅದೇ ಮಾತು, ಬಸ್ಸು ಬರದಿದ್ದರೂ ಅದೇ ಮಾತು, ಮದುವೆಗೆ ಕರೆದ ಸೋದರಮಾವ ಕೈಕೊಟ್ಟರೂ ಅದೇ ಮಾತು. ದುದೆಕ್ ಎಂದರೆ ಅವರಲ್ಲಿ ಜುಟ್ಟಿನ ಒಂದು ಹಕ್ಕಿಯ ಹೆಸರು. ಯಾರನ್ನಾದರೂ ಪೆದ್ದನನ್ನಾಗಿಸಿದರೆ ‘ದುದೆಕ್ ಮಾಡಿದ’ ಎನ್ನುವುದೂ ಉಂಟು. ಹಾಗಾಗಿ ಹೆಸರು ಗಾದೆಗೆ ಹೇಳಿ ಮಾಡಿಸಿದಂತೆ ಒದಗಿಬಂತು. ಆಡುವವರಲ್ಲಿ ಅರ್ಧ ಜನಕ್ಕೆ ಆ ಹೆಸರಿನ ಮನುಷ್ಯ ಯಾರೆಂದೇ ಗೊತ್ತಿಲ್ಲ. ಗೊತ್ತಿರುವ ಇನ್ನರ್ಧ ಜನ, ಅವನ ಮೊಮ್ಮಗ ರೊಮುವಾಲ್ದ್ ಅಂಗಡಿಗೆ ಕಾಲಿಟ್ಟ ತಕ್ಷಣ ಮಾತು ನುಂಗಿಕೊಂಡು ಮೋಡ, ಮಳೆ ಎಂದು ಶುರುಮಾಡುತ್ತಿದ್ದರು. ಅದಕ್ಕಿಂತ ಎದುರಿಗೇ ಬೈದಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು.

ವಲೇರಿಯನ್ ದುದೆಕ್ ಅವನ ತಾಯಿಯ ಅಪ್ಪ. ಸಾವಿರದ ಒಂಬೈನೂರ ಮೂವತ್ತೊಂಬತ್ತರ ಸೆಪ್ಟೆಂಬರಿನಲ್ಲಿ ಜರ್ಮನರು ನುಗ್ಗಿ ಬಂದಾಗ ಯಾವೊರ್ನಾದ ಗಂಡಸರೇ ತುಂಬಿದ್ದ ಒಂದು ಬೆಟಾಲಿಯನ್ ಊರ ಮೇಲಿನ ಪೈನ್ ಕಾಡಿನಲ್ಲಿ ಕುಳಿತಿತ್ತು. ಸಾನ್ ನದಿ ದಾಟಿ ಹಿಂದಕ್ಕೆ ಬನ್ನಿ ಎಂಬ ಆಜ್ಞೆ ಅವರಿಗೆ ತಲುಪಬೇಕಿತ್ತು. ಟೆಲಿಫೋನ್ ತಂತಿ ಕಡಿದಿತ್ತು. ಆಜ್ಞೆಯನ್ನು ವಿಮಾನದಲ್ಲಿ ತಂದು, ಇಳಿದು, ಅಧಿಕಾರಿಯ ಕೈಗೇ ಕೊಡಬೇಕಾದವನು ದುದೆಕ್. ವಿಮಾನ ಬಂತು, ಊರ ಗೋಮಾಳದ ಮೇಲೆ ತಗ್ಗಿ ಹಾರಿತು, ಇಳಿಯಲಿಲ್ಲ, ತಿರುಗಿ ಹೋಯಿತು. ಕಾಡಿನಲ್ಲಿದ್ದವರು ಕಾದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾಯುವುದಕ್ಕೂ ಹೆಚ್ಚು ಜನ ಉಳಿದಿರಲಿಲ್ಲ. ದುದೆಕ್ ಮಾತ್ರ ರೊಮೇನಿಯಾ ಮುಟ್ಟಿದ, ಅಲ್ಲಿಂದ ಫ್ರಾನ್ಸಿಗೆ ಹೋಗಿ ಮುಂದಿನ ಬೇಸಿಗೆಯಲ್ಲಿ ಸತ್ತ. ಆ ಸೆಪ್ಟೆಂಬರಿನಲ್ಲಿ ಸರ್ಕಾರದ ದೊಡ್ಡವರೆಲ್ಲ ಗಡಿಯ ಜಲೆಶ್ಚಿಕಿ ಸೇತುವೆ ದಾಟಿ ರೊಮೇನಿಯಾಕ್ಕೆ ಓಡಿದರು ಎಂಬ ಸಿಟ್ಟು ಪೋಲೆಂಡಿನ ಜನರ ಹೊಟ್ಟೆಯಲ್ಲಿ ಇನ್ನೂ ಇದೆ. "ಇವನದೂ ಜಲೆಶ್ಚಿಕಿ ದಾರೀನೇ, ಮೇಲಿಂದ ಹೋದ ಅಷ್ಟೆ" ಎಂದು ಊರು ತೀರ್ಪು ಕೊಟ್ಟಿತು.

ದುದೆಕನ ಹೆಂಡತಿ ಅಪೊಲೋನಿಯಾ ಅದೇ ಊರಿನವಳು. ಅವಳ ಇಬ್ಬರು ತಮ್ಮಂದಿರೂ ಆ ಕಾಡಿನಲ್ಲೇ ಸತ್ತರು. ಊರು ಏನೇ ಅನ್ನಲಿ, ಅವಳದು ಒಂದೇ ಉತ್ತರ: "ಇಳಿಯೋಕೆ ಜಾಗ ಇರ್ಲಿಲ್ಲ." ಸಾಯುವ ತನಕ ಅದನ್ನೇ ಹೇಳಿದಳು. ಅವಳು ಹೋದ ಮೇಲೆ ಮಗಳು ಸಬೀನಾ ಆ ಮಾತನ್ನು ಹಿಡಿದಳು. ಸಬೀನಾಗೆ ಈಗ ತೊಂಬತ್ತು ದಾಟಿದೆ, ಕಿವಿ ಮಂದ, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅವಳ ಒಬ್ಬನೇ ಮಗ ರೊಮುವಾಲ್ದ್, ಬಸ್ಸಿನ ಕಾರ್ಖಾನೆಯಲ್ಲಿ ನಕ್ಷೆ ಬಿಡಿಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ತಾಯಿಯ ಮನೆಗೇ ಬಂದು ಸೇರಿದ್ದ.

ಆ ವಿಮಾನ ಯಾವುದೆಂದರೆ ಆರ್‌ಡಬ್ಲ್ಯೂಡಿ-೮. ಹೊಸಬರಿಗೆ ಹಾರಾಟ ಕಲಿಸಲು ಮಾಡಿದ್ದು; ಯುದ್ಧ ಬಂದಾಗ ಸೈನ್ಯ ಅದನ್ನೇ ಆಜ್ಞೆ ಸಾಗಿಸಲು ಹಚ್ಚಿತು. ತಲೆಯ ಮೇಲೆ ಕಂಬ ಕೊಟ್ಟು ನಿಲ್ಲಿಸಿದ ಒಂದು ರೆಕ್ಕೆ, ಅದರ ಕೆಳಗೆ ಒಂದರ ಹಿಂದೊಂದು ಕೂರಲು ಎರಡು ತೆರೆದ ಗುಂಡಿಗಳು, ಮುಂದೆ ಸಣ್ಣದೊಂದು ಎಂಜಿನ್ನು. ಬಂದೂಕಿಲ್ಲ, ಬಾಂಬಿಲ್ಲ. ರೊಮುವಾಲ್ದ್ ಅದನ್ನು ಕಂಪ್ಯೂಟರಿನ ಹಾರಾಟದ ಸಿಮ್ಯುಲೇಟರಿಗಾಗಿ ಮೊದಲಿನಿಂದ ಕಟ್ಟಿದ. ಮಾಡಿದ್ದನ್ನು ಹೇಳುತ್ತಾ ಹೋದರೆ ಹುಚ್ಚ ಅಂದೀರಿ. ರೆಕ್ಕೆಯ ಒಂದೊಂದು ಪಟ್ಟಿಯ ದಪ್ಪ, ಬಟ್ಟೆ ಎಷ್ಟು ಬಿಗಿ, ಚಕ್ರದಲ್ಲಿ ಗಾಳಿ ಎಷ್ಟು, ಎಲ್ಲವನ್ನೂ ಹಳೆಯ ನಕ್ಷೆಗಳಿಂದ ಎತ್ತಿದ. ಊರ ಗೋಮಾಳವನ್ನು ಟೇಪು ಹಿಡಿದು ಅಳೆದ. ಸುತ್ತಲಿನ ಪೈನ್ ಮರಗಳು ಆಗ ಎಷ್ಟು ಎತ್ತರವಿದ್ದವೆಂದು ಅರಣ್ಯ ಇಲಾಖೆಯ ಮುದುಕನೊಬ್ಬನ ತಲೆ ತಿಂದು ತಿಳಿದುಕೊಂಡ. ಪೈಲಟ್‌ಗಳಿಗೆ ನೆಲದವರು ಬಟ್ಟೆ ಹಾಸಿ ತೋರಿಸುತ್ತಿದ್ದ ಸಂಕೇತಗಳನ್ನೂ ಒಂದೂ ಬಿಡದೆ ಸೇರಿಸಿದ. ಎಲ್ಲ ಮುಗಿದ ಮೇಲೆ ಗೋಮಾಳದ ಸಮೇತ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟ.

ಯಾಕೆ ಇಷ್ಟೆಲ್ಲ ಎಂದರೆ, ಊರಿನ ಸ್ಮಾರಕದ ಕಲ್ಲು ಶಿಥಿಲವಾಗಿ ಹೊಸ ಕಲ್ಲು ನಿಲ್ಲಿಸುವವರಿದ್ದರು. ಕಾಡಿನಲ್ಲಿ ಸತ್ತವರ ಹೆಸರುಗಳನ್ನು ಹೊಸದಾಗಿ ಕೆತ್ತಬೇಕು. ಆ ಹೆಸರುಗಳ ಜೊತೆ ತನ್ನ ಅಪ್ಪನ ಹೆಸರೂ ಇರಬೇಕು ಎಂದು ಸಬೀನಾ ಹಟ ಹಿಡಿದಳು. ಕೋಲೂರಿಕೊಂಡು ಸ್ಮಾರಕ ಸಮಿತಿಯ ಅಧ್ಯಕ್ಷ ಸೆವೆರಿನ್ ಪಿತೆಲನ ಮನೆಗೇ ಹೋದಳು. ಅವನ ತಾತನೂ ಕಾಡಿನಲ್ಲಿ ಸತ್ತವನೇ.

"ಸಬೀನಮ್ಮ, ನಾನೇನು ಕಟುಕನಲ್ಲ," ಎಂದಿದ್ದ ಸೆವೆರಿನ್. "ಇಳಿಯೋಕೆ ಜಾಗ ಇರ್ಲಿಲ್ಲ ಅಂತೀರಿ. ನಿಮ್ಮ ಮಗ ಆ ವಿಮಾನನೇ ಮಾಡವ್ನಂತಲ್ಲ? ಸೆಪ್ಟೆಂಬರಲ್ಲಿ ಸಮುದಾಯ ಭವನಕ್ಕೆ ತಂದು ತೋರಿಸ್ಲಿ. ಎಲ್ಲರ ಕಣ್ಣೆದುರು ಇಳಿಯೋಕೆ ಆಗ್ಲಿಲ್ಲ ಅಂದ್ರೆ ಮೊದಲ್ನೇ ಹೆಸರೇ ನಿಮ್ಮಪ್ಪಂದು ಕೆತ್ತಿಸ್ತೀನಿ."

ಮುದುಕಿ ಮನೆಗೆ ಬಂದು ಮಗನ ಹಣೆಗೆ ಮುತ್ತಿಟ್ಟಳು. "ನೋಡು ರೊಮೆಕ್, ನಾನು ಆ ಹೆಸರನ್ನ ಬೆರಳಲ್ಲಿ ಮುಟ್ಟಿ ಆಮೇಲೆ ಸಾಯ್ತೀನಿ. ಅದಕ್ಕೆ ಮೊದಲು ಯಮ ಬಂದ್ರೂ ಬಾಗಿಲ ಹತ್ರ ಕೂರಿಸ್ತೀನಿ."

ರೊಮುವಾಲ್ದ್ ನಕ್ಕ. ಆದರೆ ಕಂಪ್ಯೂಟರಿನಲ್ಲಿ ವಿಮಾನ ಇಳಿಯುತ್ತಿತ್ತು. ಕಷ್ಟಪಟ್ಟು ಅಲ್ಲ, ಕುಂಟುತ್ತಾ ಅಲ್ಲ. ಕೋಳಿ ಅಟ್ಟದಿಂದ ಅಂಗಳಕ್ಕೆ ಹಾರಿ ಕೂರುವ ಹಾಗೆ ಇಳಿಯುತ್ತಿತ್ತು. ಎದುರುಗಾಳಿ ಕೊಟ್ಟು ನೋಡಿದ, ಅಡ್ಡಗಾಳಿ ಕೊಟ್ಟು ನೋಡಿದ, ಹಿಂದಿನ ಸೀಟಿನಲ್ಲಿ ದಪ್ಪ ಅಧಿಕಾರಿಯೊಬ್ಬನನ್ನು ಕೂರಿಸಿದಂತೆ ಭಾರ ಹೇರಿ ನೋಡಿದ. ಗೋಮಾಳದ ಅರ್ಧಕ್ಕೇ ನಿಂತುಬಿಡುತ್ತಿತ್ತು. ಚೆಕ್ ದೇಶದ ಯಾರೋ ಒಬ್ಬ ಇಂಟರ್‌ನೆಟ್ಟಿನಲ್ಲಿ ಬರೆದಿದ್ದ: "ಎಂಥ ಮುದ್ದಾದ ವಿಮಾನ ಮಾರಾಯ, ಕರವಸ್ತ್ರದ ಮೇಲೂ ಇಳಿಯುತ್ತೆ!" ಅದನ್ನು ಓದಿ ರೊಮುವಾಲ್ದ್ ಕಂಪ್ಯೂಟರ್ ಮುಚ್ಚಿ ಅಡುಗೆಮನೆಗೆ ಹೋಗಿ ಸುಮ್ಮನೆ ಆಲೂಗೆಡ್ಡೆ ಸುಲಿದ. ಅಜ್ಜಿ ಅಷ್ಟು ವರ್ಷ ಹೇಳಿದ್ದು ಸುಳ್ಳು. ಹಾಗಾದರೆ ಊರು ಹೇಳಿದ್ದೇ ನಿಜ. ತಾನು ಇಷ್ಟು ಪ್ರೀತಿಯಿಂದ ಕಟ್ಟಿದ್ದು ತಾತನ ವಿರುದ್ಧ ಸಾಕ್ಷಿ ಹೇಳುವ ಯಂತ್ರವನ್ನೇ ಎಂದು ಅವನಿಗೆ ಅರಿವಾಯಿತು.

ಆಗಸ್ಟಿನ ಒಂದು ಭಾನುವಾರ ಪೂಜೆ ಮುಗಿಸಿ ಬಂದು, ಶ್ಯಾವಿಗೆ ಹಾಕಿದ ಕೋಳಿಸಾರು ಕುಡಿದು, ತಾಯಿ ಅವನ ಕೋಣೆಗೇ ಬಂದು ಕುರ್ಚಿಯಲ್ಲಿ ಕೂತುಬಿಟ್ಟಳು.

"ತೋರ್ಸು."

"ಭವನದಲ್ಲಿ ನೋಡೋವಂತೆ ಅಮ್ಮ."

"ಭವನದಲ್ಲಿ ಪಿತೆಲನ ಬೋಳುತಲೆ ಅಡ್ಡ ಬರುತ್ತೆ. ಈಗ್ಲೇ ತೋರ್ಸು. ನನ್ನಪ್ಪ ಎಲ್ಲಿ ಕೂರ್ತಿದ್ದ?"

ಅವನು ತೋರಿಸಿದ. ಎಂಜಿನ್ನಿನ ಸದ್ದಿಗಾಗಿ ಅವಳ ಕಿವಿಗೆ ಹೆಡ್‌ಫೋನ್ ಹಾಕಿದ. ಸಾನ್ ನದಿ ಕೆಳಗೆ ಹೊಳೆಯಿತು, ಚರ್ಚಿನ ಗೋಪುರ ಬಂತು, ಪೈನ್ ಕಾಡಿನ ಅಂಚು ಬಂತು. ತಾಯಿ ಬಾಯಿ ತೆರೆದು ನೋಡುತ್ತಿದ್ದಳು. ಆಗಿನ ಊರು, ಹುಲ್ಲು ಹೊದಿಸಿದ ಮನೆಗಳು, ಬಾವಿಯ ಏತ. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಗೋಮಾಳ ಎದುರಿಗೆ ಬಂದಾಗ ಬೆರಳು ಮುಂದೆ ಚಾಚಿದಳು.

"ಎಲ್ಲ ಸರಿ ಮಾಡಿದ್ದೀಯ. ನಮ್ಮ ಬಟ್ಟೆ ಎಲ್ಲಿ?"

"ಯಾವ ಬಟ್ಟೆ?"

ಕಿವಿ ಮುಚ್ಚಿದ್ದರಿಂದ ಅವಳು ಅವನ ತುಟಿ ನೋಡಿ, ಬೀದಿಗೆ ಕೇಳುವಂತೆ ಕೂಗಿ ಮಾತಾಡುತ್ತಿದ್ದಳು. "ಹಾಸಿಗೆ ಬಟ್ಟೆ ಕಣೋ! ಅಮ್ಮ ಯಾರಿಗೂ ಹೇಳ್ಬೇಡ ಅಂದಿದ್ಲು. ವಿಮಾನಕ್ಕೆ ಸನ್ನೆ ಮಾಡಿದೋರು ಅಂತ ಜರ್ಮನರು ಗುಂಡು ಹಾಕ್ತಾರೆ ಅಂತ. ಈಗ ಯಾವ ಜರ್ಮನ್ ಬರ್ತಾನೆ ಬಿಡು. ಅಪ್ಪನ ಎಂಜಿನ್ ಸದ್ದು ಅಮ್ಮಂಗೆ ಗೊತ್ತಿತ್ತು. ಕೇಳಿದ್ದೇ ತಡ, ಮದುವೆಗೆ ನೇಯ್ದ ಬಿಳೀ ಬಟ್ಟೆ ಬಾಚಿಕೊಂಡು ‘ಬಾರೇ’ ಅಂತ ನನ್ನ ಎಳ್ಕೊಂಡು ಓಡಿದ್ಲು. ಗೋಮಾಳದ ನಟ್ಟನಡುವೆ ಹಾಸಿದ್ವಿ. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು. ಮೂಲೆಗೆ ಕಲ್ಲಿಟ್ಟಿದ್ದು ನಾನೇ. ಊರೋರೆಲ್ಲ ಬಾಗಿಲು ಹಾಕ್ಕೊಂಡು ಒಳಗಿದ್ರು, ಯಾರೂ ನೋಡ್ಲಿಲ್ಲ."

"ಅಡ್ಡಕ್ಕೆ ಅಂದ್ರೆ?"

"ಶಿಲುಬೆ ಕಣೋ ದಡ್ಡ! ಯುದ್ಧಕ್ಕೆ ಹೋಗೋವಾಗ ಅವನ ಹಣೆಗೆ ಶಿಲುಬೆ ಗುರುತು ಹಾಕಿ ಕಳಿಸೋಕೆ ಆಗಿರ್ಲಿಲ್ಲ, ಅವನು ಬೇರೆ ಊರಿಂದ ಹಾಗೇ ಹೊರಟಿದ್ದ. ಅದೇ ಅಮ್ಮಂಗೆ ಕೊರಗು. ಮೇಲಿಂದ ಕಾಣ್ಲಿ ಅಂತ ಅಷ್ಟು ದೊಡ್ಡದು ಹಾಕಿದ್ಲು."

ಅಲ್ಲಿಯ ಹೆಂಗಸರು ಬ್ರೆಡ್ಡು ಕೊಯ್ಯುವ ಮೊದಲು ಚಾಕುವಿನ ತುದಿಯಿಂದ ಅದರ ಬೆನ್ನಿಗೆ ಶಿಲುಬೆ ಎಳೆಯುತ್ತಾರೆ. ಮಕ್ಕಳು ಪರೀಕ್ಷೆಗೆ ಹೊರಟರೂ ಹಣೆಗೆ ಎಳೆಯುತ್ತಾರೆ. ಅದಿಲ್ಲದೆ ಮನೆ ಬಿಟ್ಟವನು ಬರಿಗಾಲಲ್ಲಿ ಹೋದವನ ಹಾಗೆ. ಅಪೊಲೋನಿಯಾ ಮಾಡಿದ್ದು ಅಷ್ಟೇ.

"ಅಪ್ಪ ಕಾಡಿನ ಮೇಲೆ ಒಂದು ಸುತ್ತು ಹಾಕಿ ನಮ್ಮ ಮೇಲೆ ಬಂದ," ಎಂದಳು ತಾಯಿ. "ಎಷ್ಟು ಕೆಳಗೆ ಅಂದ್ರೆ, ಕನ್ನಡಕ ಕಾಣ್ತಿತ್ತು. ನಮ್ಮನ್ನ ನೋಡ್ದ. ರೆಕ್ಕೆ ಆಡಿಸ್ದ, ಹೀಗೆ, ಹೀಗೆ." ಅವಳು ಎರಡೂ ತೋಳು ಚಾಚಿ ಕುರ್ಚಿಯಲ್ಲೇ ಓಲಾಡಿದಳು. "ನನಗೆ ಅವನ ಮುಖ ನೆನಪಿಲ್ಲ ರೊಮೆಕ್. ಧ್ವನಿನೂ ನೆನಪಿಲ್ಲ. ಇದೊಂದೇ ಇರೋದು."

ರೊಮುವಾಲ್ದ್ ಹಾರಾಟವನ್ನು ಅಲ್ಲೇ ನಿಲ್ಲಿಸಿದ. ಸಂಕೇತಗಳ ಚಿತ್ರಗಳನ್ನೆಲ್ಲ ಸ್ವಂತ ಕೈಯಿಂದ ಬಿಡಿಸಿದವನು ಅವನು. ನೆಲದ ಮೇಲೆ ಬಿಳಿಯ ಅಡ್ಡ ಶಿಲುಬೆ ಹಾಸಿದ್ದರೆ ‘ಇಲ್ಲಿ ಇಳಿಯಬೇಡ’ ಎಂದು ಅರ್ಥ. ಪೈಲಟ್ ರೆಕ್ಕೆ ಆಡಿಸಿದರೆ ‘ಓದಿದೆ, ತಿಳಿಯಿತು’ ಎಂದು ಅರ್ಥ. ಈಗಲೂ ಗ್ಲೈಡರ್ ಕ್ಲಬ್ಬಿನವರು ಮೈದಾನ ಕೆಟ್ಟಿದ್ದರೆ ಬಿಳಿ ಶಿಲುಬೆಯನ್ನೇ ಹಾಸುತ್ತಾರೆ. ಕೆಳಗೆ ನಿಂತಿದ್ದ ಹೆಂಗಸು ಮಗುವಿನ ಮುಖ ದುದೆಕನಿಗೆ ಕಂಡಿತೋ ಇಲ್ಲವೋ. ಕಂಡಿದ್ದರೂ, ತನ್ನ ಹೆಂಡತಿಯೇ ಜೀವ ಕೈಯಲ್ಲಿ ಹಿಡಿದು ಓಡಿ ಬಂದು ಎಚ್ಚರಿಸುತ್ತಿದ್ದಾಳೆ, ಶತ್ರು ಇಲ್ಲೇ ಇದ್ದಾನೆ ಎಂದೇ ಅವನು ತಿಳಿದಿರಬೇಕು. ಶತ್ರುವಿನ ಕೈಗೆ ಸಿಗಬಾರದ ಆಜ್ಞೆಯನ್ನು ಎಸೆದು ಹೋಗುವಂತೆಯೂ ಇರಲಿಲ್ಲ. ದುದೆಕ್ ಕೆಳಗಿನ ಸಂಕೇತ ಪಾಲಿಸಿ ಹಿಂದಿರುಗಿದ ವಿಧೇಯ ಸೈನಿಕ. ಓಡಿಹೋದವನಲ್ಲ.

"ಅಜ್ಜಿ ಇದರ ಬಗ್ಗೆ ಆಮೇಲೆ ಏನೂ ಅನ್ಲಿಲ್ವಾ?" ಎಂದು ಹೆಡ್‌ಫೋನ್ ತೆಗೆದು ಕೇಳಿದ.

"ಇಲ್ಲಪ್ಪ. ಯುದ್ಧ ಮುಗಿದ್ಮೇಲೆ ಒಬ್ಬ ಬಂದಿದ್ದ, ಅಪ್ಪನ ತುಕಡೀಲಿ ಹಾರ್ತಿದ್ದೋನಂತೆ. ನನ್ನ ಆಚೆ ಕಳಿಸಿ ಇಬ್ರೂ ಅಡುಗೆಮನೇಲಿ ಮಾತಾಡಿದ್ರು. ಅವನು ಹೋದ್ಮೇಲೆ ಅಮ್ಮ ಹಂಡೆ ಒಲೆ ಮೇಲಿಟ್ಟು ಮನೇಲಿದ್ದ ಬಿಳೀ ಬಟ್ಟೆನೆಲ್ಲ ಅಕ್ರೋಟಿನ ಸಿಪ್ಪೆ ಹಾಕಿ ಕುದಿಸಿ ಕಂದು ಮಾಡಿಬಿಟ್ಲು. ಆವತ್ತಿಂದ ನಮ್ಮನೇಲಿ ಬಿಳೀ ಬಟ್ಟೆ ಹಾಸಲೇ ಇಲ್ಲ. ಕೊಳೆ ಕಾಣಲ್ಲ ಅಂತ ಅನ್ಕೊಂಡಿದ್ದೆ." ತಾಯಿ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು. "ಯಾಕೋ ಬಿಳಿಚಿಕೊಂಡೆ? ಸಾರು ಹಿಡಿಸ್ಲಿಲ್ವಾ?"

ಮಾರನೆಯ ದಿನ ಅವಳು ಪೂಜೆಗೆ ಹೋದಾಗ ಅವನು ಕಂಪ್ಯೂಟರಿನ ಗೋಮಾಳದ ನಡುವೆ ಬಿಳಿ ಬಟ್ಟೆಗಳನ್ನು ಹಾಸಿದ, ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು. ಆಮೇಲೆ ಕಾಡಿನ ಮೇಲಿಂದ ಸುತ್ತಿ ಬಂದ. ಹಸಿರಿನ ನಡುವೆ ಅದು ಕಣ್ಣಿಗೆ ಹೊಡೆಯಿತು. ಇಳಿಯಬೇಕು ಎಂದುಕೊಂಡೇ ಬಂದಿದ್ದ. ಕೈ ತಾನಾಗಿ ಹಾರಿಸುವ ಕೋಲನ್ನು ಹಿಂದಕ್ಕೆಳೆದು ವಿಮಾನವನ್ನು ಮೇಲೆತ್ತಿತು. ಮೇಜಿನ ಮೇಲೆ ತಲೆಯಿಟ್ಟು ಅತ್ತ. ಅರವತ್ತು ದಾಟಿದ ಗಂಡಸು, ಮನೆಯಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದು, ಬಾಯಿಬಿಟ್ಟೇ ಅತ್ತ.

ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ನಿಜ ಹೇಳಿದರೆ ತಾತನ ಹೆಸರು ಕಲ್ಲಿನ ಮೇಲೆ ಬರುತ್ತದೆ, ಅನುಮಾನವಿಲ್ಲ. ಆದರೆ ಅದರ ಜೊತೆಗೇ ತಾಯಿಗೆ ಇನ್ನೊಂದೂ ಗೊತ್ತಾಗುತ್ತದೆ: ಅಷ್ಟು ಗಂಡಸರನ್ನು, ಅವಳ ಸ್ವಂತ ಸೋದರಮಾವಂದಿರನ್ನು ಕೊಂದದ್ದು ಆ ಹಾಸಿಗೆ ಬಟ್ಟೆ. ಮೂಲೆಗೆ ಕಲ್ಲಿಟ್ಟವಳು ಅವಳು. ಅಪ್ಪ ರೆಕ್ಕೆ ಆಡಿಸಿದ್ದು ಮುದ್ದಿಗಲ್ಲ. ತೊಂಬತ್ತು ವರ್ಷ ದಾಟಿದವಳ ಕೈಯಿಂದ ಇದ್ದ ಒಂದು ನೆನಪನ್ನೂ ಕಿತ್ತುಕೊಂಡು, ಅದರ ಜಾಗದಲ್ಲಿ ಇದನ್ನು ಇಡುವುದೇ? ತಾತನ ತುಕಡಿಯವನು ಬಂದು ಹೋದ ದಿನದಿಂದ ಅಜ್ಜಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಗಂಡನ ಹೆಸರು ಕೆಸರಿನಲ್ಲಿ ಬಿದ್ದಿರಲಿ, ಮಗಳು ಚೆನ್ನಾಗಿರಲಿ ಎಂದು ಬಾಯಿ ಹೊಲಿದುಕೊಂಡು ಸತ್ತಳು. ಅವಳು ಮುಚ್ಚಿದ್ದನ್ನು ತೆರೆಯುವ ಧೈರ್ಯ ಅವನಿಗೆ ಬರಲಿಲ್ಲ.

ಹಾಗಾಗಿ ಅವನು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದ. ಅಳತೆಗಳನ್ನು ತಿದ್ದಿದ. ರೆಕ್ಕೆಯ ಬಲ ಸ್ವಲ್ಪ ಕಡಿಮೆ, ಎಂಜಿನ್ನಿನ ಭಾರ ಸ್ವಲ್ಪ ಹೆಚ್ಚು, ಇಳಿಯುವ ವೇಗ ಸ್ವಲ್ಪ ಜಾಸ್ತಿ. ಹೊರಗೆ ನೋಡಲು ಅದೇ ವಿಮಾನ. ಗೋಮಾಳಕ್ಕೆ ತಂದರೆ ಈಗ ಹುಲ್ಲಿನ ಮೇಲೆ ಜಾರಿಕೊಂಡು ಹೋಗಿ ಪೈನ್ ಮರಕ್ಕೆ ಗುದ್ದುತ್ತಿತ್ತು. ಹೆಸರು ಸುಳ್ಳಿನಿಂದಲೇ ಕಲ್ಲಿಗೆ ಬರಲಿ, ಬಂದರೆ ಸಾಕು ಎಂದುಕೊಂಡ. ತಾಯಿಗೆ ಮಾತ್ರ ಒಂದು ಎಚ್ಚರಿಕೆ ಕೊಟ್ಟ.

"ಅಮ್ಮ, ಆ ಬಟ್ಟೆ ವಿಷಯ ಭವನದಲ್ಲಿ ಎತ್ತಬೇಡ."

"ಯಾಕೆ?"

"ನಗ್ತಾರೆ."

"ನಗ್ಲಿ. ನನ್ನ ಹಲ್ಲು ಹೋಗಿರೋದಕ್ಕೂ ನಗ್ತಾರೆ." ಆದರೂ ಅವನ ಮುಖ ನೋಡಿ, "ಸರಿ ಬಿಡು, ಎತ್ತಲ್ಲ" ಎಂದಳು.

ಸೆಪ್ಟೆಂಬರಿನಲ್ಲಿ ಭವನ ತುಂಬಿತು. ಮುಂದಿನ ಸಾಲಿನಲ್ಲಿ ಸಬೀನಾ ಒಳ್ಳೆಯ ಉಡುಪು ಹಾಕಿ, ಹವಳದ ಸರ ಕಟ್ಟಿ, ನೆಟ್ಟಗೆ ಕೂತಿದ್ದಳು. ದೊಡ್ಡ ಪರದೆ, ಮೇಜಿನ ಮೇಲೆ ಕಂಪ್ಯೂಟರ್, ಹಾರಿಸುವ ಕೋಲು. ರೊಮುವಾಲ್ದನೇ ಹಾರಿಸಿದರೆ ಜನ ನಂಬುವುದಿಲ್ಲವೆಂದು ಸೆವೆರಿನ್ ಗ್ಲೈಡರ್ ಕ್ಲಬ್ಬಿನ ಗುರು ಕ್ಲೆಮೆನ್ಸನನ್ನು ಕರೆಸಿದ್ದ. ಸಣಕಲು ಮನುಷ್ಯ, ಮಾತು ಕಡಿಮೆ, ಸುಳ್ಳು ಹೇಳಿ ಗೊತ್ತಿಲ್ಲದವನು. ಇಂಥವರಿಂದಲೇ ಲೋಕಕ್ಕೆ ಹೆಚ್ಚು ಕೇಡು ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಕ್ಲೆಮೆನ್ಸ್ ಕೂತ, ಹಾರಿಸಿದ, ಗೋಮಾಳಕ್ಕೆ ತಂದ. ವಿಮಾನ ನೆಲ ಮುಟ್ಟಿತು, ಜಾರಿತು, ಮರಕ್ಕೆ ಗುದ್ದಿತು. ಮತ್ತೆ ತಂದ, ಮತ್ತೆ ಗುದ್ದಿತು. ಹಿಂದಿನ ಸಾಲಿನ ಹೆಂಗಸೊಬ್ಬಳು "ಅಯ್ಯೋ ದೇವ್ರೇ, ಪಾಪ" ಎಂದಳು. ಸೆವೆರಿನ್ ಎದ್ದು ನಿಂತು ಸಬೀನಾ ಎದುರು ತಲೆ ಬಾಗಿಸಿದ. "ಸಬೀನಮ್ಮ, ಜಾಗ ಇರ್ಲಿಲ್ಲ. ತಪ್ಪಾಯ್ತು ನಮ್ದು." ಮುದುಕಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಮುಗಿಯಿತಲ್ಲ ಎಂದುಕೊಂಡ ರೊಮುವಾಲ್ದ್.

"ಒಂದ್ನಿಮಿಷ," ಎಂದ ಕ್ಲೆಮೆನ್ಸ್. ಅವನು ಇನ್ನೂ ಪರದೆ ನೋಡುತ್ತಿದ್ದ. "ಇದು ಆ ವಿಮಾನ ಅಲ್ವಲ್ಲ."

"ಅಂದ್ರೆ?"

"ಇವ್ರು ಇಂಟರ್‌ನೆಟ್ಟಿಗೆ ಬಿಟ್ಟಿರೋ ವಿಮಾನನ ನಾನು ಬೇಸಿಗೆ ಪೂರ್ತಿ ಮನೇಲಿ ಹಾರಿಸಿದ್ದೀನಿ. ಇದೇ ಗೋಮಾಳದಲ್ಲೇ. ನಮ್ಮ ಕ್ಲಬ್ಬಿನೋರೆಲ್ಲ ಹಾರಿಸ್ತಾರೆ. ಆರಾಮಾಗಿ ಇಳಿಯುತ್ತೆ." ಹೇಳಿದ ಮೇಲೆ ತಾನೇನು ಮಾಡಿದೆನೆಂದು ಹೊಳೆದು ಅವನ ಕಿವಿ ಕೆಂಪಾಯಿತು. "ಕ್ಷಮಿಸಿ ರೊಮುವಾಲ್ದ್ ಅವ್ರೇ. ಏನೋ ಅಳತೆ ಹೆಚ್ಚುಕಮ್ಮಿ ಆಗಿರ್ಬೇಕು."

ಆಗಿರಲಿಲ್ಲ ಎಂಬುದು ರೊಮುವಾಲ್ದನ ಮುಖದ ಮೇಲೇ ಬರೆದಿತ್ತು. ಕಳ್ಳನ ಮನಸ್ಸು ಹುಳ್ಳಗೆ ಎನ್ನುತ್ತಾರಲ್ಲ, ಅವನಿಗೆ ಕಳ್ಳತನ ಮಾಡಿ ಅಭ್ಯಾಸವೂ ಇರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. "ತಾತನ ಟಪಾಲೂ ಬರ್ಲಿಲ್ಲ, ಮೊಮ್ಮಗನ ಟಪಾಲೂ ಬರ್ಲಿಲ್ಲ!" ಇಡೀ ಭವನ ನಕ್ಕಿತು. 

ಸೆವೆರಿನ್ ಮಾತ್ರ ನಗಲಿಲ್ಲ. ಎಲ್ಲರೆದುರು ತಲೆ ಬಾಗಿಸಿದ್ದ ಅವಮಾನ ಅವನ ಬೋಳುತಲೆಯ ತನಕ ಕೆಂಪಗೆ ಏರಿತ್ತು. "ನಮ್ಮನ್ನೂ ದುದೆಕ್ ಮಾಡೋಕೆ ಹೊರಟ್ರಾ? ನನ್ನ ತಾತ ಆ ಕಾಡಲ್ಲಿ ಕರುಳು ಹಿಡ್ಕೊಂಡು ಸತ್ತವ್ನೆ. ಸುಳ್ಳು ಸಾಕು. ವಿಮಾನ ಇಳೀತಿತ್ತು ತಾನೆ? ಇಳೀತಿತ್ತು ಅಂದ್ಮೇಲೆ ನಿಮ್ಮ ತಾತ ಯಾಕೆ ಇಳೀಲಿಲ್ಲ? ಹೇಳ್ರಿ!"

"ನಾನ್ ಹೇಳ್ತೀನಿ."

ಸಬೀನಾ ಎದ್ದಿದ್ದಳು. ಕೋಲು ನೆಲಕ್ಕೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ. ಮಗ ಯಾಕೆ ಸುಳ್ಳು ಮಾಡಿದನೋ ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ, ಈಗ ಅಪ್ಪನ ಪರವಾಗಿ ಮಾತಾಡಲು ತಾನೊಬ್ಬಳೇ ಉಳಿದಿರುವುದು. "ನೀವ್ಯಾರೂ ಅಲ್ಲಿರ್ಲಿಲ್ಲ. ನಾನಿದ್ದೆ. ನನ್ನಪ್ಪ ಹೆದರಿ ಓಡಿದೋನಲ್ಲ. ಅವನು ನಮ್ಮ ಮೇಲೇ ಬಂದ, ನಮ್ಮನ್ನ ನೋಡ್ದ. ನಾನೂ ನಮ್ಮಮ್ಮನೂ ಗೋಮಾಳದಲ್ಲಿ ಬಿಳೀ—"

ಕ್ಲೆಮೆನ್ಸ್ ತಲೆಯೆತ್ತಿ ಅವಳ ಕಡೆ ನೋಡಿದ. ಇನ್ನೆರಡು ಮಾತು ಸಾಕಿತ್ತು. ಮೈದಾನದ ಮೇಲಿನ ಬಿಳಿ ಶಿಲುಬೆ ಏನೆಂದು ಆ ಭವನದಲ್ಲಿ ತಟ್ಟನೆ ಹೇಳಬಲ್ಲವನು ಅವನು, ಹೇಳಿಯೇ ಹೇಳುವವನೂ ಅವನೇ.

"ಓಡಿಹೋದ!" ಎಂದು ಕಿರುಚಿದ ರೊಮುವಾಲ್ದ್. "ಓಡಿಹೋದ ಅಮ್ಮ, ಸುಮ್ನೆ ಕೂತ್ಕೋ! ನಾನೇ ಸಾವಿರ ಸಲ ಹಾರಿಸಿ ನೋಡಿದ್ದೀನಿ. ಇಳೀಬೋದಿತ್ತು, ಕಣ್ಮುಚ್ಚಿ ಇಳೀಬೋದಿತ್ತು. ಜೀವಕ್ಕೆ ಹೆದರಿ ಓಡಿದ. ಹೇಡಿ ಅವನು. ಊರು ಹೇಳೋದೇ ನಿಜ. ಮುಗೀತಲ್ಲ? ಮನೆಗೆ ಹೋಗೋಣ ನಡಿ."

ಯಾರೂ ನಗಲಿಲ್ಲ. ಗೆದ್ದ ಸೆವೆರಿನ್ ಕೂಡ ಕುರ್ಚಿಯ ಬೆನ್ನು ಹಿಡಿದು ನೆಲ ನೋಡುತ್ತಿದ್ದ. ಸಬೀನಾ ಮಗನನ್ನು ನೋಡಿದಳು. ಕಿವಿ ಮಂದವಾದರೂ ಅವನು ಹೇಳಿದ್ದು ಅಕ್ಷರ ಬಿಡದೆ ಕೇಳಿಸಿತ್ತು. ಅರ್ಧಕ್ಕೆ ನಿಂತ ಮಾತನ್ನು ಅವಳು ಮುಂದುವರಿಸಲಿಲ್ಲ. ಹೇಳಿ ಯಾರಿಗಾಗಬೇಕು? ಬಗ್ಗಿ ಕೋಲು ಎತ್ತಿಕೊಟ್ಟ ಮಗನ ಕೈಯಿಂದ ಅದನ್ನು ತೆಗೆದುಕೊಂಡು, ಹೊರಗಿನವರಿಗೆ ಹೇಳುವ ಹಾಗೆ ಹೇಳಿದಳು:

"ಬಿಡಿ. ನಿಮಗ್ಯಾಕೆ ತೊಂದ್ರೆ."

ರೊಮುವಾಲ್ದ್ ಮೊದಲು ಅದು ತನಗೆ ಹೇಳಿದ್ದೆಂದೇ ಎಣಿಸಲಿಲ್ಲ. ಹುಟ್ಟಿದಂದಿನಿಂದ ಅವಳ ಬಾಯಲ್ಲಿ ‘ನೀನು’ ಆಗಿದ್ದವನು, ‘ದಡ್ಡ’ ಆಗಿದ್ದವನು, ಮುದ್ದಿನ ‘ರೊಮೆಕ್’ ಆಗಿದ್ದವನು. ಅವಳು ಮನೆಗೆ ಸೆವೆರಿನ್ನನ ಕಾರಿನಲ್ಲಿ ಹೋದಳು.

ಹೊಸ ಕಲ್ಲು ನಿಂತಿತು, ದುದೆಕನ ಹೆಸರಿಲ್ಲದೆ. ಊರಿಗೆ ಒಂದು ಬಗೆಯ ಸಮಾಧಾನವಾಯಿತು. ಅವನ ಸ್ವಂತ ಮೊಮ್ಮಗನೇ ಒಪ್ಪಿಕೊಂಡ ಮೇಲೆ ಇನ್ನೇನು? ಅಂಗಡಿಯಲ್ಲಿ ಈಗ ಯಾರೂ ಮಾತು ನುಂಗುವುದಿಲ್ಲ. "ನೀವು ದೊಡ್ಡ ಮನಸ್ಸಿನೋರು, ನಿಜ ಹೇಳಿದ್ರಿ" ಎಂದು ಬೆನ್ನು ತಟ್ಟಿದವರೂ ಇದ್ದರು. ಅದನ್ನು ಕೇಳಿಕೊಂಡು ಅವನು ಚಿಲ್ಲರೆ ತೆಗೆದುಕೊಂಡು ಬರುತ್ತಿದ್ದ.

ಮನೆಯಲ್ಲಿ ತಾಯಿ ಜಗಳವಾಡಲಿಲ್ಲ. ಆಡಿದ್ದರೆ ಬದುಕುತ್ತಿದ್ದ. "ಬಾಗಿಲು ಹಾಕ್ಕೊಳ್ಳಿ, ಗಾಳಿ ಬರುತ್ತೆ." "ನೀವು ಊಟ ಮಾಡಿ, ನನಗೆ ಆಮೇಲೆ." ಬಾಡಿಗೆಗೆ ಬಂದ ಮರ್ಯಾದಸ್ಥ ಮನುಷ್ಯನ ಜೊತೆ ಮಾತಾಡುವ ಹಾಗೆ. ಕಂಪ್ಯೂಟರಿನಲ್ಲಿ ಲೋಕದ ಯಾವ್ಯಾವುದೋ ಮೂಲೆಯವರು ಯಾವೊರ್ನಾ ಗೋಮಾಳಕ್ಕೆ ದಿನವೂ ಇಳಿದು ಧನ್ಯವಾದ ಬರೆಯುತ್ತಿದ್ದರು. ಅವನು ತೆರೆದು ನೋಡುವುದನ್ನು ಬಿಟ್ಟ.

ಚಳಿ ಬಿದ್ದ ಮೇಲೆ ಅವಳು ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿತು, ಆಸ್ಪತ್ರೆಗೆ ಬರುವುದಿಲ್ಲ ಎಂದಳು, ಪಾದ್ರಿ ಬಂದು ಕೊನೆಗಾಲದ ಎಣ್ಣೆ ಹಚ್ಚಿ ಹೋದರು. ಒಂದು ಮಧ್ಯಾಹ್ನ ರೊಮುವಾಲ್ದ್ ಬೀಟ್‌ರೂಟ್ ಸಾರನ್ನು ಚಮಚದಿಂದ ಕುಡಿಸುತ್ತಿದ್ದಾಗ ಅವಳು ಅವನ ಮಣಿಕಟ್ಟು ಹಿಡಿದಳು. ಕಣ್ಣು ಮೊದಲಿನ ಹಾಗೇ ಚುರುಕಾಗಿತ್ತು.

"ಒಂದು ಮಾತು ಕೇಳ್ಲಾ?"

"ಕೇಳು ಅಮ್ಮ."

"ಅವತ್ತು ನೀವು ಯಾಕೆ ಹಾಗಂದ್ರಿ?"

ಕೋಣೆಯಲ್ಲಿ ಮೂರನೆಯವರು ಇರಲಿಲ್ಲ. ಒಂದು ವಾಕ್ಯ ಸಾಕಿತ್ತು. ಹೇಳಿದ್ದರೆ ಅವಳು ಆ ಗಳಿಗೆಯಲ್ಲೇ ಅವನನ್ನು ಮತ್ತೆ ‘ರೊಮೆಕ್’ ಎನ್ನುತ್ತಿದ್ದಳು, ತಲೆ ಎದೆಗೆ ಒತ್ತಿಕೊಳ್ಳುತ್ತಿದ್ದಳು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಆ ಗೋಮಾಳ, ಆ ಬಟ್ಟೆ, ಮೂಲೆಗಿಟ್ಟ ಆ ಕಲ್ಲುಗಳನ್ನು ಹೊತ್ತುಕೊಂಡು ಅವಳು ಹೋಗುತ್ತಿದ್ದಳು. ಅವನು ಚಮಚವನ್ನು ಮತ್ತೆ ಬಟ್ಟಲಿಗೆ ಅದ್ದಿದ.

"ಸಾರು ಆರ್ತಿದೆ," ಎಂದ.

ಅವಳು ಕೈ ಬಿಟ್ಟಳು. ಇನ್ನೆರಡು ಚಮಚ ಕುಡಿದು, ಸಾಕು ಎಂದು ಮುಖ ಗೋಡೆಗೆ ತಿರುಗಿಸಿಕೊಂಡಳು. "ನಿಮಗೆ ತುಂಬಾ ತೊಂದ್ರೆ ಕೊಟ್ಟೆ," ಎಂದಳು. ಸಾಯುವಾಗಲೂ ಅವನು ಅವಳಿಗೆ ‘ನೀವು’ ಆಗಿಯೇ ಉಳಿದ.